ಕೃತಕ ಮಂಡಿಗೆ ಸೋಂಕು: ತೀರ್ಮಾನಕ್ಕೆ ಅರ್ಧ ಗಂಟೆ

ಹೊಸಪೇಟೆ: ಮಂಡಿ ಬದಲಾವಣೆ ಈಗ ಸಿರಿವಂತರ ಚಿಕಿತ್ಸೆಯಾಗಿ ಮಾತ್ರ ಉಳಿದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಜನರು ದೊಡ್ಡ ಶಸ್ತ್ರಚಿಕಿತ್ಸೆಗೆಂದು ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿಯ ಹಾದಿ ಹಿಡಿಯುವುದು ರೂಢಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂ. ಗರಿಷ್ಠ ಬೆಲೆ ನಿಗದಿಪಡಿಸಿ ಹೊರೆಯನ್ನು ತಗ್ಗಿಸಿತು. ಆದರೆ ಆ ಮಂಡಿಗೆ ಸೋಂಕು ತಗುಲಿದರೆ ಗತಿಯೇನು?

ಮೊದಲ ಬಾರಿಗೆ ಕೀಲು ಬದಲಿಸಿಕೊಂಡ ನೂರು ಮಂದಿಯಲ್ಲಿ ಒಬ್ಬಿಬ್ಬರಿಗೆ ಸೋಂಕು ತಗುಲುತ್ತದೆ. ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಲೋಳೆಯ ಪದರ ಕಟ್ಟಿಕೊಳ್ಳುವುದರಿಂದ ಔಷಧವು ಅವುಗಳನ್ನು ಮುಟ್ಟುವುದು ಕಷ್ಟ. ನೋವಿಗೆ ಕಾರಣ ಸೋಂಕೋ, ಕೀಲಿನ ಸಡಿಲಿಕೆಯೋ ಎಂಬುದು ರಕ್ತಪರೀಕ್ಷೆ, ಎಕ್ಸ್‌ರೇಗಳಿಂದ ಕೆಲವೊಮ್ಮೆ ಸ್ಪಷ್ಟವಾಗದು. ಆಗ ಶಸ್ತ್ರಚಿಕಿತ್ಸೆಯ ನಡುವೆಯೇ ತೀರ್ಮಾನಿಸಬೇಕಾಗುತ್ತದೆ. ಬರೀ ಸಡಿಲಿಕೆಯಾದರೆ ಅಂದೇ ಹೊಸ ಕೀಲು ಕೂರಿಸಬಹುದು. ಸೋಂಕಿದ್ದರೆ ಹಲವು ಪ್ರಕರಣಗಳಲ್ಲಿ ಹಳೆಯದನ್ನು ತೆಗೆದು, ಪ್ರತಿಜೀವಕ ಬೆರೆಸಿದ ಸಿಮೆಂಟ್ ಇರಿಸಿ, ವಾರಗಟ್ಟಲೆ ಔಷಧ ನೀಡಿದ ಬಳಿಕ ಮತ್ತೊಂದು ಶಸ್ತ್ರಚಿಕಿತ್ಸೆ ನಡೆಸಬೇಕು.

ಇಲ್ಲಿ ನೆರವಾಗುವುದು ‘ಫ್ರೋಜನ್ ಸೆಕ್ಷನ್’ ಪರೀಕ್ಷೆ. ಕೀಲಿನ ಸುತ್ತಲಿನ ಅಂಗಾಂಶವನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಡಿ ಬಿಳಿ ರಕ್ತಕಣಗಳ ಪೈಕಿ ನ್ಯೂಟ್ರೋಫಿಲ್‌ಗಳನ್ನು ಎಣಿಸಲಾಗುತ್ತದೆ. ಐದು ಕಡೆ ನೋಡಿದಾಗ ಪ್ರತಿ ಕಡೆ ಐದಕ್ಕಿಂತ ಹೆಚ್ಚು ಕಂಡರೆ ಸೋಂಕಿನ ಶಂಕೆ ಬಲಗೊಳ್ಳುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಫಲಿತಾಂಶ ಸಿಗುತ್ತದೆ. ಆದರೆ ಇದಕ್ಕೆ ಕ್ರಯೋಸ್ಟ್ಯಾಟ್ ಯಂತ್ರವೂ ಅನುಭವಿ ರೋಗಶಾಸ್ತ್ರಜ್ಞರೂ ಸನಿಹದಲ್ಲೇ ಇರಬೇಕು. ಕೀಲಿನ ದ್ರವದಲ್ಲಿ ಮೂತ್ರಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡುವುದು ಅಗ್ಗದ ವಿಧಾನವಾದರೂ ರಕ್ತ ಬೆರೆತರೆ ಬಣ್ಣ ಗುರುತಿಸುವುದು ಕಷ್ಟ.

ಬೇರೆ ಬೇರೆ ಭಾಗಗಳಿಂದ ತೆಗೆದ ಮಾದರಿಗಳ ಪೈಕಿ ಎರಡರಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಖಚಿತ. ಈ ಕಲ್ಚರ್ ಪರೀಕ್ಷೆಗೆ ಎರಡು ವಾರ ಹಿಡಿಯಬಹುದು. ತಾಲ್ಲೂಕು ಮಟ್ಟದ ತೊಡಕು ಇರುವುದೇ ಇಲ್ಲಿ. ಊದಿದ ಮಂಡಿಗೆ ಔಷಧ ಅಂಗಡಿಯ ಪ್ರತಿಜೀವಕ ನುಂಗಿ ಬಂದವರ ಮಾದರಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಆಗ ಯಾವ ಔಷಧ ನೀಡಬೇಕೆಂಬುದು ಊಹೆಯ ಮಾತಾಗುತ್ತದೆ. ಜೀವಕ್ಕೆ ಅಪಾಯವಿಲ್ಲದಿದ್ದರೆ ಮೊದಲು ಮಾದರಿ, ನಂತರ ಮಾತ್ರೆ ಎಂಬ ಕ್ರಮವನ್ನು ಸ್ಥಳೀಯ ವೈದ್ಯರು ಪಾಲಿಸುವುದು ಅಗತ್ಯ.

ಮರು ಜೋಡಣೆಯ ಮಂಡಿಗೆ 2017ರ ಆದೇಶವೇ 1,13,950 ರೂ. ನಿಗದಿಪಡಿಸಿತ್ತು, ಮೊದಲ ಮಂಡಿಯ ಎರಡು ಪಟ್ಟಿಗೂ ಅಧಿಕ. ತಪ್ಪು ತೀರ್ಮಾನದಿಂದ ಈ ವೆಚ್ಚ ಮತ್ತೆ ಮರುಕಳಿಸಬಹುದು. ಮರು ಜೋಡಣೆಗೆ ಆಸ್ಪತ್ರೆಗಳನ್ನು ಆಯ್ಕೆ ಮಾಡುವಾಗ ಕೀಲಿನ ದರವನ್ನಷ್ಟೇ ಅಲ್ಲದೆ, ಪ್ರಯೋಗಾಲಯದ ಸಾಮರ್ಥ್ಯವನ್ನೂ ಸರ್ಕಾರ ಪರಿಶೀಲಿಸುವುದು ಒಳಿತು.