ಗೃಹಯಂತ್ರ ವಿಚಾರ: ಹಳೆಯ ಮೋಟಾರಿನ ಇಂಜಿನು ಮನೆ

ಬೀದರ, ಭಾಲ್ಕಿ, ಔರಾದ ಈ ಸೀಮೆಯ ಹಳೆಯ ವಾಡೆಗಳಲ್ಲಿಯೂ ಹೊಲದ ಕೊಟ್ಟಿಗೆಗಳಲ್ಲಿಯೂ ತಗಡಿನ ಚಪ್ಪರದಡಿ ಒಂದೊಂದು ಅಂಬಾಸಿಡರು ಮೋಟಾರು ಧೂಳು ಮುಚ್ಚಿ ನಿಂತಿರುವುದನ್ನು ವಾಚಕರು ಕಂಡಿರಬಹುದು. ಒಂದು ಕಾಲದಲ್ಲಿ ಮದುವೆಯ ದಿಬ್ಬಣಕ್ಕೂ ನಡುರಾತ್ರಿಯ ಹೆರಿಗೆಗೂ ಊರಿಗೆಲ್ಲ ನೆರವಾದ ಗಾಡಿಯು ಇಂದು ಕೋಳಿಗಳಿಗೆ ಗೂಡಾಗಿರುವುದು. ಅಂಥದೊಂದರ ಒಡೆಯರಾದ ಭಾಲ್ಕಿಯ ಕಡೆಯ ಗೃಹಸ್ಥರೊಬ್ಬರು ನಮಗೆ ಬರೆದು ಕೇಳಿರುವರು: "ತೀರ್ಥರೂಪರು 1972ರಲ್ಲಿ ಕೊಂಡ ಗಾಡಿ. ಗುಜರಿಯವರು ತೂಕಕ್ಕೆ ಕೇಳುತ್ತಾರೆ. ಮಿಸ್ತ್ರಿಯು ಹಳೆಯ ಇಂಜಿನನ್ನು ಕಿತ್ತು ಡೀಸೆಲಿನದನ್ನು ಕೂಡಿಸಿಕೊಡುವೆನೆನ್ನುತ್ತಾನೆ. ಏನು ಮಾಡುವುದು ಲೇಸು?"

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಗಾಡಿಯ ಚಾಸಿಯೂ ನೆಲದ ತಗಡೂ ಗಟ್ಟಿಯಾಗಿದ್ದರೆ ಗುಜರಿಗೆ ಹಾಕಬಾರದು, ಇಂಜಿನನ್ನಂತೂ ಬದಲಿಸಲೇಬಾರದು. ನೆಲವೇ ತುಕ್ಕು ಹಿಡಿದು ಪುಡಿಯಾಗಿದ್ದರೆ ಮಾತ್ರ ಹಣ ಸುರಿಯುವ ಮುನ್ನ ಎರಡು ಬಾರಿ ಯೋಚಿಸತಕ್ಕದ್ದು.

ಇಂಜಿನು ಬದಲಿಸಬಾರದೆಂಬುದಕ್ಕೆ ಬರಿಯ ಮಮತೆಯೇ ಕಾರಣವಲ್ಲ. 2021ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ತುಂಬಿದ ಖಾಸಗಿ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಿಕೊಳ್ಳಬಹುದು. ಶುಲ್ಕ 20,000 ರೂಪಾಯಿ. ಅವಧಿ ಹತ್ತು ವರ್ಷ. ಮುಂದಿನ ನವೀಕರಣಕ್ಕೆ 5,000 ರೂಪಾಯಿ. ಆದರೆ ಗಾಡಿಯು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಒಡಲು, ಇಂಜಿನು ಇವುಗಳಲ್ಲಿ ಗಣನೀಯ ಮಾರ್ಪಾಟು ಆಗಿರಕೂಡದು. ಹೀಗಿರಲು, ಪೆಟ್ರೋಲಿನ ಖರ್ಚಿಗೆ ಅಂಜಿ ಡೀಸೆಲಿನ ಇಂಜಿನನ್ನು ಕೂಡಿಸಿದವರು ಈ ಹಕ್ಕನ್ನು ತಮ್ಮ ಕೈಯಾರೆ ಕಳೆದುಕೊಂಡಂತೆಯೇ ಸರಿ. ಇನ್ನೊಂದು ಮಾತು: ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದವಕ್ಕಷ್ಟೇ ರಸ್ತೆಗಿಳಿಸಬಹುದೇ ಹೊರತು ದಿನದಿನದ ಸಂತೆ ಪೇಟೆಗಳಿಗಲ್ಲ. ನಿತ್ಯದ ಬಳಕೆಗೆ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳತಕ್ಕದ್ದು. ಯಾವ ದಾರಿಯಾದರೂ, ಪುಸ್ತಕವು ಗತಿಸಿದ ಹಿರಿಯರ ಹೆಸರಿನಲ್ಲಿದ್ದರೆ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಕುಳಿತು ಮಾತಾಡಿ ಒಬ್ಬ ವಾರಸುದಾರರ ಹೆಸರಿಗೆ ಮಾಡಿಸಿಕೊಂಡ ಮೇಲೆಯೇ ಪಾನಾ ಹಿಡಿಯುವುದು ಒಳ್ಳೆಯದು. ಒಬ್ಬರು ಹಣ ಹಾಕಿ ಸಿಂಗರಿಸಿದ ಮೇಲೆ ಮತ್ತೊಬ್ಬರು ಪಾಲು ಕೇಳಿ ಮನೆ ಒಡೆಯುವುದು ಬೇಡ.

ಇನ್ನು ಯಂತ್ರದ ವಿಚಾರ. ಅಂಬಾಸಿಡರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯದು. ಕಲಕತ್ತೆಯ ಸಮೀಪದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ನಮ್ಮ ವಾಚಕರ ಗಾಡಿಯ ಕಾಲದ ಪೆಟ್ರೋಲು ಇಂಜಿನು 1489 ಘನ ಸೆಂಟಿಮೀಟರಿನದು, ನಾಲ್ಕು ಸಿಲಿಂಡರು. ಬಾನೆಟ್ಟನ್ನು ಎತ್ತಿದರೆ ಸುತ್ತಲೂ ಕೈಯಾಡುವಷ್ಟು ಸ್ಥಳವಿರುವುದರಿಂದ, ತಾಳ್ಮೆಯುಳ್ಳ ಗೃಹಸ್ಥನು ಅರ್ಧ ಕೆಲಸವನ್ನು ಮನೆಯಂಗಳದಲ್ಲಿಯೇ ಮಾಡಿಕೊಳ್ಳಬಲ್ಲನು.

ಮೊದಲ ಕೆಲಸ ಬಿಚ್ಚುವುದಲ್ಲ, ನೋಡುವುದು. ಎಲ್ಲ ಮಗ್ಗುಲಿನಿಂದ ಚಿತ್ರ ತೆಗೆದುಕೊಳ್ಳಿರಿ. ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿರಿ. ಇಂಜಿನಿನ ಸಂಖ್ಯೆಯನ್ನೂ ಚಾಸಿಯ ಸಂಖ್ಯೆಯನ್ನೂ ಪುಸ್ತಕದೊಡನೆ ತಾಳೆ ನೋಡಿ ಬರೆದಿಡಿರಿ. ಸಂಖ್ಯೆಯ ಫಲಕವನ್ನು ಉಜ್ಜಿ ಅಳಿಸುವುದಾಗಲಿ ಬಣ್ಣದಿಂದ ಮುಚ್ಚುವುದಾಗಲಿ ಕೂಡದು. ತೊಗರಿ, ಜೋಳದ ಚೀಲಗಳ ಪಕ್ಕದಲ್ಲಿ ನಿಂತ ಗಾಡಿಯಾದರೆ ಇಲಿಗಳು ಗೂಡು ಕಟ್ಟಿ ತಂತಿ ಕಡಿದಿರುವುದು ನಿಶ್ಚಯ. ಇಲಿಯಿದ್ದಲ್ಲಿ ಹಾವು ಬರುವುದೂ ಸಹಜವಾದುದರಿಂದ ಕೈ ಹಾಕುವ ಮುಂಚೆ ಕೋಲಿನಿಂದ ಕೆದಕಿ ನೋಡಿರಿ.

ಬಳಿಕ ಬ್ಯಾಟರಿಯನ್ನು ಕಳಚಬೇಕು. ಚಾಸಿಗೆ ಸೇರಿದ ತುದಿಯನ್ನು ಮೊದಲು ಬಿಡಿಸಿ, ಮತ್ತೊಂದನ್ನು ಅನಂತರ ಬಿಡಿಸತಕ್ಕದ್ದು. ಬ್ರಿಟಿಷ್ ಮಾದರಿಯ ಕೆಲವು ಹಳೆಯ ಗಾಡಿಗಳಲ್ಲಿ ಋಣ ತುದಿಯ ಬದಲು ಧನ ತುದಿಯೇ ಚಾಸಿಗೆ ಸೇರಿರುವುದುಂಟು. ಅದನ್ನು ಗುರುತಿಸದೆ ಹೊಸ ಬ್ಯಾಟರಿಯನ್ನು ವಾಡಿಕೆಯಂತೆ ಜೋಡಿಸಿದರೆ ಉಪಕರಣಗಳು ಸುಟ್ಟುಹೋಗುವುವು.

ಮೂರನೆಯದು ಜಿಡ್ಡಿನ ಕೆಲಸ. ಬೀದರದ ಕೆಂಪು ಜಂಬಿಟ್ಟಿಗೆಯ ಧೂಳೂ ಭಾಲ್ಕಿ, ಔರಾದ ಕಡೆಯ ಕರಿಮಣ್ಣೂ ಎಣ್ಣೆಯೊಡನೆ ಬೆರೆತು ಅರ್ಧ ಬೆರಳು ದಪ್ಪ ಕಟ್ಟಿರುವುದು. ಇದನ್ನು ಮರದ ಚಕ್ಕೆಯಿಂದ ಕೆರೆದು, ಉಳಿದುದನ್ನು ಸೀಮೆಎಣ್ಣೆಯಲ್ಲದ್ದಿದ ಕುಂಚದಿಂದ ಉಜ್ಜಿ, ಸಾಬೂನಿನ ನೀರಿನಿಂದ ಒರಸಬೇಕು. ಪೆಟ್ರೋಲಿನಿಂದ ತೊಳೆಯುವುದು ಪ್ರಾಣಕ್ಕೇ ಅಪಾಯ. ಕಾರ್ಬುರೇಟರಿನ ಬಾಯಿ, ಡಿಸ್ಟ್ರಿಬ್ಯೂಟರು, ಡೈನಮೊ ಇವುಗಳನ್ನು ಮೊದಲೇ ಪ್ಲಾಸ್ಟಿಕ್ಕಿನಿಂದ ಕಟ್ಟಿ ಮುಚ್ಚಿರಿ. ಒತ್ತಡದ ನೀರನ್ನು ಹಾಯಿಸಲೇಬೇಡಿರಿ. ಹತ್ತಿರ ಬೀಡಿ ಹಚ್ಚುವವರನ್ನು ಮುಲಾಜಿಲ್ಲದೆ ದೂರ ಕಳುಹಿಸಿರಿ. ಕೊಳಕು ಎಣ್ಣೆಯನ್ನು ಬಾವಿಯ ಬಳಿಯಲ್ಲಿಯೋ ಹೊಲದ ಬದುವಿನಲ್ಲಿಯೋ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಹಳೆಯ ಎಣ್ಣೆ ಕೊಳ್ಳುವವರಿಗೆ ಒಪ್ಪಿಸಿರಿ. ಅಂದಿನ ಗ್ಯಾಸ್ಕೆಟ್ಟುಗಳಲ್ಲಿಯೂ ಬ್ರೇಕಿನ ಪಟ್ಟಿಗಳಲ್ಲಿಯೂ ಕಲ್ನಾರು ಇರುವ ಸಂಭವವುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷಪ್ರಾಯ. ಆ ಭಾಗಗಳನ್ನು ಊದದೆ, ಒಣಗಿದ್ದಂತೆ ಕೆರೆಯದೆ, ಒದ್ದೆ ಬಟ್ಟೆಯಿಂದ ಒರಸತಕ್ಕದ್ದು, ಮಕ್ಕಳನ್ನು ದೂರವಿಡತಕ್ಕದ್ದು.

ವರ್ಷಗಟ್ಟಲೆ ನಿಂತ ಇಂಜಿನನ್ನು ನಾಲ್ಕು ಜನ ನೂಕಿ ಹೊರಡಿಸುವುದು ನಮ್ಮಲ್ಲಿ ರೂಢಿ. ಇದು ಮಹಾ ಕೇಡು. ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡ ಪಿಸ್ಟನಿನ ಬಳೆಗಳು ಆ ನೂಕಿನಿಂದ ಮುರಿಯಬಹುದು. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದೊಂದು ಚಮಚ ತೆಳು ಎಣ್ಣೆಯನ್ನು ಬಿಟ್ಟು, ಎರಡು ದಿನ ಕಾದು, ಬಳಿಕ ಮುಂದಿನ ಹ್ಯಾಂಡಲಿನಿಂದ ಮೆಲ್ಲನೆ ತಿರುಗಿಸಿರಿ. ಸುಲಭವಾಗಿ ತಿರುಗಿದರೆ ಹಳೆಯ ಎಣ್ಣೆಯನ್ನು ಇಳಿಸಿ ಹೊಸದನ್ನು ತುಂಬಿರಿ. ತಿರುಗದಿದ್ದರೆ ಬಲ ಹಾಕದೆ ಮತ್ತೆ ಕಾಯಿರಿ. ಪ್ಲಗ್ಗಿನ ತಂತಿಗಳನ್ನು ಮರಳಿ ಕೂಡಿಸುವಾಗ ಕಿಡಿಯ ಕ್ರಮವು 1, 3, 4, 2 ಎಂಬುದನ್ನು ಮರೆಯಬಾರದು.

ಪೆಟ್ರೋಲಿನ ರಬ್ಬರು ಕೊಳವೆಗಳ ವಿಷಯದಲ್ಲಿ ಇಂದು ವಿಶೇಷ ಎಚ್ಚರ ಬೇಕು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವುದು ಬಳಕೆಗೆ ಬಂದಿದೆ. ಕಬ್ಬಿನಿಂದಲೂ ಧಾನ್ಯದಿಂದಲೂ ತೆಗೆಯುವ ಈ ಸಾರವು ಭಾಲ್ಕಿಯ ಕಬ್ಬಿನ ರೈತನಿಗೆ ಪ್ರಿಯವಾದರೂ ಅವನ ತಂದೆಯ ಗಾಡಿಗೆ ಪ್ರಿಯವಲ್ಲ. ಅದು ಹಳೆಯ ರಬ್ಬರನ್ನೂ ಬೆಂಡಿನ ಬಿಲ್ಲೆಗಳನ್ನೂ ಮೆತ್ತಗೆ ಮಾಡುವುದು. ಗಾಳಿಯ ತೇವವನ್ನು ಹೀರಿ ಟಾಕಿಯಲ್ಲಿ ತುಕ್ಕು ಹುಟ್ಟಿಸುವುದು. ಬಿಸಿ ಇಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಅಗ್ನಿಯೇ ಗತಿ. ಆದುದರಿಂದ ಎಥೆನಾಲಿಗೆ ತಡೆಯುವ ಹೊಸ ಕೊಳವೆಗಳನ್ನೇ ಹಾಕಿಸಿರಿ. ಹೊದಿಕೆ ಬಿರಿದ ತಂತಿಗಳನ್ನೂ ಬದಲಿಸಿರಿ. ಹಳೆಯ ಗಾಡಿಗಳಲ್ಲಿ ಫ್ಯೂಸುಗಳೇ ವಿರಳ. ಈ ಎರಡು ಬಾಬಿನಲ್ಲಿ ಜಿಪುಣತನವು ಸಲ್ಲದು. ಬೇಕಾದರೆ ಹೊರಮೈಯ ಬಣ್ಣವನ್ನು ಒಂದು ವರ್ಷ ಮುಂದಕ್ಕೆ ಹಾಕಿರಿ.

ರೇಡಿಯೇಟರಿಗೆ ಬೋರಿನ ಗಡಸು ನೀರನ್ನು ಹೊಯ್ದರೆ ಒಳಗೆ ಹಿಟ್ಟುಗಟ್ಟಿ, ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಇಂಜಿನು ಕುದಿಯುವುದು. ಶುದ್ಧೀಕರಿಸಿದ ನೀರಿಗೆ ತಕ್ಕ ಕೂಲಂಟನ್ನು ಬೆರೆಸಿ ತುಂಬುವುದೇ ಮೇಲು. ಬಿಸಿಯಿರುವಾಗ ಅದರ ಮುಚ್ಚಳವನ್ನು ತೆರೆಯುವುದು ಸಲ್ಲದು.

ಕಡೆಯದು ಅಂದ. ಇಲ್ಲಿ ನಮ್ಮೂರ ಬಿದರಿ ಕುಶಲಿಗಳಿಂದ ಕಲಿಯತಕ್ಕ ಪಾಠವೊಂದುಂಟು. ಅವರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣು ನವಸಾಗರಗಳಿಂದ ಕಪ್ಪೇರಿಸುವರು. ಎಲ್ಲವೂ ಹೊಳೆಯಬೇಕೆಂಬ ಆಸೆಯಿಂದ ಆ ಕಪ್ಪನ್ನು ತಿಕ್ಕಿ ತೆಗೆದರೆ ಉಳಿಯುವುದು ಬಿದರಿಯಲ್ಲ. ಇಂಜಿನು ಮನೆಯಲ್ಲಿಯೂ ಹಾಗೆಯೇ: ಮೊಳೆ ಮೊಳೆಗೂ ಕ್ರೋಮು ಹೊದಿಸುವುದು ಶೋಭೆಯಲ್ಲ. ತುಕ್ಕನ್ನು ತಂತಿಯ ಬ್ರಷ್ಷಿನಿಂದ ಕಳೆದು, ಪ್ರೈಮರು ಹಚ್ಚಿ, ಮೂಲದಲ್ಲಿ ಯಾವ ಬಣ್ಣವಿತ್ತೋ ಅದನ್ನೇ ಬಳಿಯತಕ್ಕದ್ದು. ಇಂಜಿನಿಗೆ ಶಾಖ ತಡೆಯುವ ಎನಾಮಲ್ಲೇ ಬೇಕು. ಬೋಲ್ಟುಗಳಿಗೆ ಸತುವಿನ ಲೇಪ ಮಾಡಿಸಿರಿ; ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುವುದು. ಮಳೆಗಾಲದ ತೇವದಲ್ಲಿ ಬಣ್ಣ ನಿಲ್ಲದು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣ ದಿನಗಳು ಈ ಕೆಲಸಕ್ಕೆ ಪ್ರಶಸ್ತ. ಬಿಡಿ ಭಾಗಗಳಿಗೆ ಸಿಕಂದರಾಬಾದಿನ ರಾಣಿಗಂಜದಲ್ಲಿ ವಿಚಾರಿಸಬಹುದು. ಹಳೆಯ ಭಾಗವನ್ನು ಜೊತೆಯಲ್ಲಿ ಒಯ್ದು ಹೋಲಿಸಿಯೇ ಕೊಳ್ಳಿರಿ.

ಬೀದರವು ಹೈದರಾಬಾದು ಸಂಸ್ಥಾನದ ಜಿಲ್ಲೆಯಾಗಿದ್ದ ಕಾಲದಲ್ಲಿ, 1932ರಲ್ಲಿ, ನಿಜಾಮರ ರೈಲ್ವೆಯ ರಸ್ತೆ ಸಾರಿಗೆಯು 27 ಬಸ್ಸುಗಳಿಂದ ಆರಂಭವಾಯಿತು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನಲ್ಲಿ ಕಾದಿರಿಸಿರುವರು. ಧರ್ಮಸ್ಥಳದಲ್ಲಿಯೂ ಹಳೆಯ ಮೋಟಾರುಗಳ ಸಂಗ್ರಹವುಂಟು. ದೊಡ್ಡ ಸಂಸ್ಥೆಗಳು ತಮ್ಮ ಪಾಲಿನದನ್ನು ಕಾಯುತ್ತಿರುವುವು; ಒಕ್ಕಲಿನ ಮನೆಯ ಮೋಟಾರನ್ನು ಕಾಯಬೇಕಾದವರು ಆ ಮನೆಯವರೇ. ತಿಂಗಳಿಗೆರಡು ಭಾನುವಾರ, ಮನೆಯ ಹುಡುಗ ಹುಡುಗಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಾನಾ ಹಿಡಿದರೆ ಒಂದು ಚಳಿಗಾಲದಲ್ಲಿ ಬಹುಪಾಲು ಕೆಲಸ ಮುಗಿಯುವುದು. ಕೈಕೆಲಸವೊಂದು ಮುಂದಿನ ತಲೆಗೆ ದಾಟುವುದು. ತೂಕಕ್ಕೆ ಮಾರಿದ ಕಬ್ಬಿಣದ ದುಡ್ಡು ಎಷ್ಟು ದಿನ ಬಂದೀತೆಂಬುದನ್ನು ವಾಚಕರೇ ಬಲ್ಲರು.