ಕಾರ್ಡಿನ ತಿಂಗಳು, ಹೊಲದ ವರ್ಷ



ಕಳೆದ ಶ್ರಾವಣದಲ್ಲಿ ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಗೆ ಪ್ರವಚನಕ್ಕೆಂದು ಹೋಗಿದ್ದೆ. ಪ್ರಸಾದಕ್ಕೆ ಕರೆದ ಮನೆಯ ಯಜಮಾನರು ಒಂದು ಸಂದೇಹವನ್ನು ಮುಂದಿಟ್ಟರು. ಹೊಸ ಮನೆ ಕಟ್ಟಿ ಮುಗಿದಿತ್ತು. ಫ್ರಿಜ್ಜು, ಬಟ್ಟೆ ತೊಳೆಯುವ ಯಂತ್ರ, ಎರಡೂ ಕೂಡಿ 60,000 ರೂಪಾಯಿಯ ಖರೀದಿ. ಕ್ರೆಡಿಟ್ ಕಾರ್ಡ್ ಇದ್ದವರಿಗೆ ರಿಯಾಯಿತಿ ಉಂಟೆಂದು ಅಂಗಡಿಯವರು ಹೇಳಿದ್ದರಿಂದ, ಕಾರ್ಡು ಮಾಡಿಸೋಣವೆಂದು ಮಗ ಹಟ ಹಿಡಿದಿದ್ದ. “ಶಾಸ್ತ್ರಿಗಳೇ, ನಮ್ಮಲ್ಲಿ ಮೊದಲ ಒಂದು ಕ್ರೆಡಿಟ್ ಕಾರ್ಡ್ ಐತ್ರಿ, ಕಿಸಾನ್ ಕಾರ್ಡ್. ಇದೂ ಹಂಗ ಅಲ್ಲೇನ್ರಿ? ಹತ್ತಿ ಮಾರಿದ ಮ್ಯಾಲ ತುಂಬಿದ್ರಾತು” ಎಂದರು ಯಜಮಾನರು.

ಹೆಸರು ಒಂದೇ ಆದುದರಿಂದ ಹುಟ್ಟಿದ ಈ ಭ್ರಮೆ ಅವರೊಬ್ಬರದಲ್ಲ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆಸಾಲದ ವ್ಯವಸ್ಥೆ. ಅದರ ಮರುಪಾವತಿಯ ಕಾಲವನ್ನು ಬೆಳೆಯ ಕಾಲ ನೋಡಿ ಗೊತ್ತುಮಾಡುತ್ತಾರೆ. 3 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಬಡ್ಡಿ ಶೇಕಡಾ 7. ಸಕಾಲಕ್ಕೆ ತೀರಿಸಿದವರಿಗೆ ಶೇಕಡಾ 4 ಮಾತ್ರ. ಅಂಗಡಿಯಲ್ಲಿ ಕೇಳುವ ಕಾರ್ಡಿಗಾದರೋ ಮುಂಗಾರು, ಹಿಂಗಾರು, ಸುಗ್ಗಿ ಯಾವುದೂ ತಿಳಿಯದು. ಅದಕ್ಕೆ ಗೊತ್ತಿರುವುದು ತಿಂಗಳು ಒಂದೇ.

ಅದರ ಕ್ರಮ ಹೀಗಿದೆ. ತಿಂಗಳಿಗೊಮ್ಮೆ ಗೊತ್ತಾದ ದಿನ ಬಿಲ್ಲು ಸಿದ್ಧವಾಗುತ್ತದೆ. ಹಣ ತುಂಬಲು ಸಾಮಾನ್ಯವಾಗಿ ಮತ್ತೆ ಇಪ್ಪತ್ತು ದಿನಗಳ ಸುಮಾರಿಗೆ ಗಡುವು ಇರುತ್ತದೆ. ಬಿಲ್ಲಿನ ದಿನ ಕಳೆದ ಮರುದಿನವೇ ಕೊಂಡರೆ ಐವತ್ತು ದಿನಗಳವರೆಗೂ ಬಡ್ಡಿಯಿಲ್ಲದ ಕಾಲ ಸಿಗುತ್ತದೆ. ಬಿಲ್ಲಿನ ಹಿಂದಿನ ದಿನ ಕೊಂಡರೆ ಸಿಗುವುದು ಇಪ್ಪತ್ತೇ ದಿನ. ಗಡುವಿನೊಳಗೆ ಪೂರ್ಣ ಹಣ ತುಂಬಿದವರಿಗೆ ಈ ಕಾರ್ಡಿನಷ್ಟು ಉಪಕಾರಿ ಮತ್ತೊಂದಿಲ್ಲ. ಸ್ವಲ್ಪ ಉಳಿಸಿಕೊಂಡವರಿಗೆ ಖರೀದಿಸಿದ ದಿನದಿಂದಲೇ ಬಡ್ಡಿ ಬೀಳುತ್ತದೆ.

ಆ ಮನೆಯ ಸೊಸೆಯ ಕೈಗೆ ಹಾಳೆ ಕೊಟ್ಟು ಲೆಕ್ಕ ಬರೆಸಿದೆ. 60,000 ರೂಪಾಯಿಯ ಬಿಲ್ಲು. ಅದರಲ್ಲಿ ‘ಕನಿಷ್ಠ ಪಾವತಿ’ ಶೇಕಡಾ 5, ಅಂದರೆ 3,000 ಮಾತ್ರ ತುಂಬಿದರೆಂದು ಭಾವಿಸೋಣ. ಉಳಿದ 57,000ಕ್ಕೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 1,995. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿ.ಎಸ್.ಟಿ. 359. ಕೂಡಿದರೆ 2,354. ಮೂರು ಸಾವಿರ ತುಂಬಿಯೂ ಅಸಲಿನ ಭಾರ ಏಳುನೂರು ರೂಪಾಯಿಯಷ್ಟೂ ಇಳಿಯಲಿಲ್ಲ! ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ 42. ವರ್ಷಕ್ಕೆ ಶೇಕಡಾ 30ನ್ನು ಮೀರಿದ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತ್ತು. ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ರದ್ದುಗೊಳಿಸಿತು. ಆದುದರಿಂದ ಆ ಮಿತಿಯ ರಕ್ಷಣೆ ಈಗಿಲ್ಲ.

ಕಂತಿನ ದಾರಿಯೊಂದುಂಟು. ಅದೇ 60,000ವನ್ನು ವಾರ್ಷಿಕ ಶೇಕಡಾ 15ರಂತೆ ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ ಸುಮಾರು 5,415. ವರ್ಷದ ಬಡ್ಡಿ ಸುಮಾರು 5,000, ಅದರ ಮೇಲೆ ಜಿ.ಎಸ್.ಟಿ. ಸುಮಾರು 900. ‘ಬಡ್ಡಿಯಿಲ್ಲದ ಕಂತು’ ಎಂದು ಕೂಗುವಲ್ಲಿಯೂ ಬ್ಯಾಂಕಿನ ಶುಲ್ಕವೆಷ್ಟು, ಬಡ್ಡಿಯ ಮೇಲಿನ ತೆರಿಗೆಯೆಷ್ಟು, ನಗದು ಕೊಟ್ಟರೆ ಬೆಲೆಯೆಷ್ಟು ಎಂದು ಕೇಳಿಯೇ ಒಪ್ಪಬೇಕು.

ಹಾಗಾದರೆ ಮೊದಲ ಕಾರ್ಡನ್ನು ಆರಿಸುವುದು ಹೇಗೆ? ಕೊಡುಗೆಯನ್ನು ನೋಡಿ ಅಲ್ಲ, ನಮ್ಮ ಮನೆಗೆ ಹಣ ಬರುವ ದಿನವನ್ನು ನೋಡಿ. ನಮ್ಮ ಸುತ್ತಲಿನ ನಾಲ್ಕು ಊರುಗಳನ್ನೇ ನೋಡಿರಿ. ಕಿತ್ತೂರಿನ ಶಾಲಾ ಶಿಕ್ಷಕಿಗೆ ತಿಂಗಳ ಸಂಬಳವಿದೆ. ಸಂಬಳದ ನಂತರ ಗಡುವು ಬರುವ, ವಾರ್ಷಿಕ ಶುಲ್ಕವಿಲ್ಲದ ಕಾರ್ಡು ಅವರಿಗೆ ಒಪ್ಪುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಅಂಗಡಿಯಿಟ್ಟವರಿಗೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯೇ ಗಳಿಕೆಯ ಕಾಲ. ದೊಡ್ಡ ಖರೀದಿಯನ್ನು ಆ ದಿನಗಳಿಗೇ ಹೊಂದಿಸಿಕೊಳ್ಳಬೇಕು. ರಾಮದುರ್ಗದ ನೇಕಾರರಿಗೆ ದುಡಿದಷ್ಟೇ ಕೂಲಿ, ಸಂಬಳದ ಚೀಟಿಯಿಲ್ಲ. ಅಂಥವರಿಗೆ ಠೇವಣಿಯ ಆಧಾರದ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳುಂಟು. ಬೈಲಹೊಂಗಲದ ಒಕ್ಕಲಿಗೆ ಹತ್ತಿ, ಕಬ್ಬಿನ ಹಣ ವರ್ಷಕ್ಕೊಮ್ಮೆ ಬರುವುದು; ಅದು ಕೈಗೆ ಬಂದ ಮೇಲೆ ಕಾರ್ಡು ಉಜ್ಜುವುದು ಕ್ಷೇಮ.

ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮಗಳು ಗ್ರಾಹಕರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿವೆ. ಕೇಳದೆ ಕಾರ್ಡು ಕಳಿಸುವಂತಿಲ್ಲ. ಬಿಲ್ಲಿನ ದಿನವನ್ನು ಒಮ್ಮೆಯಾದರೂ ಬದಲಿಸಿಕೊಳ್ಳಲು ಅವಕಾಶ ಕೊಡಬೇಕು. ಬಾಕಿಯಿಲ್ಲದವರು ಬೇಡವೆಂದರೆ ಕೆಲಸದ 7 ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಸಲ್ಲಬೇಕು. ನಾವು ನೆನಪಿಡಬೇಕಾದುದು ಇನ್ನೊಂದು: ಕ್ರೆಡಿಟ್ ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ತೆಗೆದರೆ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ.

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ, ಸಾಲ ಕೊಡುವವರೂ ಪಡೆಯುವವರೂ ಒಂದೇ ಊರಿನವರು. ಯಾರ ಹೊಲದಲ್ಲಿ ಏನು ಬೆಳೆದಿದೆಯೆಂದು ಪರಸ್ಪರ ಬಲ್ಲವರು. ದೂರದ ಬ್ಯಾಂಕಿನ ಯಂತ್ರಕ್ಕೆ ಆ ಅರಿವಿಲ್ಲ. ಆದುದರಿಂದ ಅರಿವು ನಮ್ಮಲ್ಲಿಯೇ ಇರಬೇಕು.

ಸೊಸೆ ಬರೆದ ಹಾಳೆಯನ್ನು ಯಜಮಾನರು ಬಹಳ ಹೊತ್ತು ನೋಡಿದರು. ಹತ್ತಿಯ ಹಣ ಬರುವುದರೊಳಗೆ ಎರಡು ಮೂರು ಗಡುವುಗಳು ದಾಟುತ್ತಿದ್ದವು. ಮಗನೂ ಮರುಮಾತಾಡಲಿಲ್ಲ. ದೀಪಾವಳಿಯ ನಂತರ ಹತ್ತಿ ಮಾರಿ, ಹಣವನ್ನು ಖಾತೆಯಲ್ಲಿಟ್ಟು, ಕಾರ್ಡಿನಿಂದಲೇ ಎರಡನ್ನೂ ಕೊಂಡರು. ರಿಯಾಯಿತಿಯೂ ದೊರೆಯಿತು, ಬಿಲ್ಲನ್ನು ಗಡುವಿಗೆ ಮೊದಲೇ ಪೂರ್ಣ ತೀರಿಸಿದರು. ನಾಲ್ಕು ತಿಂಗಳು ಕೈಯಿಂದ ಬಟ್ಟೆ ಒಗೆದ ಆ ತಾಯಿ ಸೊಸೆಯರ ತಾಳ್ಮೆಯೇ ಆ ಮನೆಯನ್ನು ಋಣದಿಂದ ಉಳಿಸಿತು.

ಕಾರ್ಡು ಕೊಳ್ಳುವ ಮೊದಲು ಮನೆಯವರೆಲ್ಲ ಕುಳಿತು ಇಂಥದೊಂದು ಹಾಳೆಯನ್ನು ಬರೆಯಿರಿ.