ಸೀಮೆಮೀನಿನ ಹುಚ್ಚು, ಮನೆಮುಂದಿನ ನಾಲಾ

ಟ್ರೌಟ್ ಮೀನಿಗೆ ಕನ್ನಡದಲ್ಲಿ ಹೆಸರಿಲ್ಲ. ಇಡಲೇಬೇಕೆಂದರೆ ಸೀಮೆಮೀನು ಎನ್ನಬಹುದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ಸಾಲಿಗೆ ಸೇರುವ ಪ್ರಾಣಿ ಅದು. ಬ್ರಿಟಿಷರ ಕಾಲದಲ್ಲಿ ಮೊಟ್ಟೆಗಳಾಗಿ ಹಡಗು ಹತ್ತಿ ಬಂದು, 1900ರ ಸುಮಾರಿಗೆ ಕಾಶ್ಮೀರದಲ್ಲಿ, ಆಮೇಲಿನ ಹತ್ತು ವರ್ಷಗಳಲ್ಲಿ ನೀಲಗಿರಿ ಮತ್ತು ಕುಲ್ಲು ಕಣಿವೆಗಳಲ್ಲಿ ಬೇರೂರಿತು. ತಣ್ಣನೆಯ, ಗಾಳಿಯಾಡುವ, ಕಲ್ಲಿನ ಮೇಲೆ ಹರಿಯುವ ನೀರಿಲ್ಲದೆ ಅದು ಬದುಕುವುದಿಲ್ಲ. ದೊರೆಗಳಿಗೆ ತಮ್ಮ ಊರಿನ ಭಾನುವಾರ ನೆನಪಾಗಲಿ ಎಂದು ಹಿಮಾಲಯದ ತೊರೆಗಳಿಗೆ ಬಿಟ್ಟ ಮೀನನ್ನು ಇಂದು ಪ್ರವಾಸೋದ್ಯಮ 'ವೈಲ್ಡ್ ಟ್ರೌಟ್' ಎಂದು ಮಾರುತ್ತಿದೆ. ಮುಂಬಯಿಯ ಮಧ್ಯಮ ವರ್ಗ ವಿಮಾನ ಹತ್ತಿ, ಟ್ಯಾಕ್ಸಿ ಹಿಡಿದು, ತೀರ್ಥನ್ ಕಣಿವೆಯ ಹೋಮ್‌ಸ್ಟೇಯಲ್ಲಿ ಉಳಿದು, ಗಾಳಕ್ಕೆ ಸಿಕ್ಕ ಮೀನಿನ ಜೊತೆ ಫೋಟೋ ತೆಗೆಸಿಕೊಂಡು, ಮೀನನ್ನು ನೀರಿಗೆ ಬಿಟ್ಟು, ನಿಸರ್ಗ ಕಂಡೆವೆಂಬ ಸಮಾಧಾನದಿಂದ ಸಯನ್‌ಗೆ ಮರಳುತ್ತದೆ.

ಮರಳಿದ ಮೇಲೆ ಸಯನ್ ಸ್ಟೇಶನ್ನಿನಿಂದ ಒಂದೆರಡು ಕಿಲೋಮೀಟರ್ ದೂರದಲ್ಲೇ ಇರುವ ನದಿಯನ್ನು ದಾಟುವಾಗ ಕಾರಿನ ಕಿಟಕಿ ಏರಿಸಿಕೊಳ್ಳುತ್ತದೆ.

ಆ ನದಿಯ ಹೆಸರು ಮೀಠಿ. ವಿಹಾರ್ ಕೆರೆಯ ಕೋಡಿಯಲ್ಲಿ ಹುಟ್ಟಿ, ಪೊವಾಯಿ ಕೆರೆಯ ಕೋಡಿ ನೀರನ್ನು ಸೇರಿಸಿಕೊಂಡು, ಸಾಕಿನಾಕಾ, ಕುರ್ಲಾ, ಕಲೀನಾ ದಾಟಿ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಮತ್ತು ಧಾರಾವಿಯ ನಡುವೆ ಹಾದು ಮಾಹಿಮ್ ಕೊಲ್ಲಿ ಸೇರುವ, ಸುಮಾರು 18 ಕಿಲೋಮೀಟರ್ ಉದ್ದದ ಪುಟ್ಟ ನದಿ. ಬಾಂದ್ರಾ-ಸಯನ್ ಲಿಂಕ್ ರಸ್ತೆಯಲ್ಲಿ ಓಡಾಡುವವರಿಗೆ ಇದು ನದಿ ಎಂದು ಯಾರೂ ಹೇಳಿಕೊಟ್ಟಿಲ್ಲ. ಅವರ ಬಾಯಲ್ಲಿ ಅದು 'ನಾಲಾ'.

ಈ ಪದದ ಬಳಿ ಸ್ವಲ್ಪ ನಿಲ್ಲಬೇಕು. ಮಂಡ್ಯದ ರೈತನಿಗೆ ನಾಲೆ ಎಂದರೆ ಬದುಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಊರಿಗೆ ಹಬ್ಬ. ಅದೇ ಪದ ಮುಂಬಯಿಯಲ್ಲಿ ಬಾಯಿ ತೆರೆದ ಚರಂಡಿ. ನಾಲೆಯನ್ನು ಕಾಯುತ್ತಾರೆ, ನಾಲಾವನ್ನು ಮುಚ್ಚುತ್ತಾರೆ. ನದಿ ಎಂದು ಕರೆದರೆ ಅದಕ್ಕೆ ದಂಡೆ, ಪ್ರವಾಹದ ಬಯಲು, ಮೀನು ಎಲ್ಲ ಇರಬೇಕಾಗುತ್ತದೆ. ನಾಲಾ ಎಂದರೆ ಹರಿವು ಮತ್ತು ಹೂಳು ಎರಡೇ ಸಾಕು. ಎಂಜಿನಿಯರನ ಕಡತಕ್ಕೆ ಎರಡನೆಯದು ಸಲೀಸು. ವಿಮಾನ ನಿಲ್ದಾಣದ ರನ್‌ವೇಗಾಗಿ ಹರಿವನ್ನು ಚೂಪಾದ ತಿರುವುಗಳಲ್ಲಿ ಬಗ್ಗಿಸಬೇಕೆ? ನಾಲಾ ತಾನೇ. ದಂಡೆಯ ಕಾಂಡ್ಲಾ ಕಾಡಿನ ಮೇಲೆ ಮಣ್ಣು ಸುರಿದು ಗಾಜಿನ ಕಚೇರಿಗಳನ್ನು ಎಬ್ಬಿಸಬೇಕೆ? ನಾಲಾ ತಾನೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಮನೆಗಳಿಗೆ ನುಗ್ಗಿದಾಗ ಇಡೀ ನಗರಕ್ಕೆ ಅದು ನದಿ ಎಂಬುದು ಗೊತ್ತಾಯಿತು. ಮರುತಿಂಗಳೇ ಸರ್ಕಾರ ಮೀಠಿ ನದಿ ಅಭಿವೃದ್ಧಿ ಮತ್ತು ಸಂರಕ್ಷಣಾ ಪ್ರಾಧಿಕಾರವನ್ನು ಹುಟ್ಟುಹಾಕಿತು. ನದಿ ಎಂಬ ಪದ ಕಾಗದಕ್ಕೆ ಮರಳಿ ಬಂತು, ನೀರಿಗೆ ಬರಲಿಲ್ಲ. ನಂತರ ನಡೆದ ಕೆಲಸದ ದೊಡ್ಡ ಪಾಲು ಅಗಲ ಮಾಡುವುದು, ಹೂಳೆತ್ತುವುದು, ಕಾಂಕ್ರೀಟ್ ಗೋಡೆ ಕಟ್ಟುವುದು. ಎಲ್ಲವೂ ನಾಲಾಕ್ಕೆ ಮಾಡುವ ಕೆಲಸ. 2025ರಲ್ಲಿ ಆ ಹೂಳೆತ್ತುವಿಕೆಯಲ್ಲೇ ಸುಮಾರು 65 ಕೋಟಿ ರೂಪಾಯಿಯ ಅಕ್ರಮ ನಡೆದಿದೆ ಎಂದು ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಪ್ರಕರಣ ದಾಖಲಿಸಿತು. ಆರೋಪ ಸಾಬೀತಾಗುವುದು, ಬಿಡುವುದು ನ್ಯಾಯಾಲಯದ ವಿಷಯ. ಆದರೆ ಎತ್ತಿದ ಹೂಳಿನ ಟನ್ನುಗಳೇ ಯಶಸ್ಸಿನ ಅಳತೆಯಾದಲ್ಲಿ ಹೂಳಿನ ಲೆಕ್ಕದಲ್ಲೇ ಮೋಸದ ಸಂಶಯ ಹುಟ್ಟುವುದರಲ್ಲಿ ಆಶ್ಚರ್ಯವೇನಿದೆ?

ಮೀಠಿಗೆ ಬೇರೆ ಅಳತೆ ಬೇಕು, ಅದು ಗಾಳದ ಅಳತೆ. ಈ ನದಿಯಲ್ಲಿ ಹುಟ್ಟಿ ಬೆಳೆದ ಈ ನಾಡಿನದೇ ಮೀನೊಂದನ್ನು ಕುರ್ಲಾದಲ್ಲೋ ಸಯನ್ ಬಳಿಯೋ ಯಾರಾದರೂ ಹಿಡಿದು, ಮನೆಗೆ ಒಯ್ದು, ಸಾರು ಮಾಡಿ, ಮಕ್ಕಳಿಗೆ ಭಯವಿಲ್ಲದೆ ಬಡಿಸುವಂತಾಗುವ ತನಕ ನದಿ ಸುಧಾರಿಸಿದೆ ಎಂದು ಹೇಳುವ ಹಕ್ಕು ಯಾವ ಪ್ರಾಧಿಕಾರಕ್ಕೂ ಇಲ್ಲ. ದಂಡೆಯ ವಾಕಿಂಗ್ ಟ್ರ್ಯಾಕು, ಬಣ್ಣದ ದೀಪ, ಕಾರಂಜಿಗಳಿಂದ ಈ ಪರೀಕ್ಷೆ ಪಾಸಾಗದು. ಮೀನಿಗೆ ಆಮ್ಲಜನಕ ಬೇಕು, ಮರಿಗೆ ಆಳವಿಲ್ಲದ ಅಂಚು ಬೇಕು, ಮೊಟ್ಟೆಗೆ ಕಲ್ಲು ಮತ್ತು ಹುಲ್ಲು ಬೇಕು, ಮಳೆ ಬಂದಾಗ ಮೇಲಕ್ಕೆ ಹೋಗುವ ದಾರಿ ಬೇಕು. ಇವೆಲ್ಲ ಸೇರಿದರೇ ನದಿ.

ಮೇಲಕ್ಕೆ ಹೋಗುವ ದಾರಿಯ ವಿಷಯ ಸಯನ್‌ನ ಕನ್ನಡಿಗರಿಗೆ ಹೊಸತಾಗಬಾರದು. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಮೀನಿಗೆ ಹತ್ತುಮೀನು ಎನ್ನುತ್ತಾರೆ. ತುಳುನಾಡಿನಲ್ಲಿ ಅದು ಉಬರ್. ಕೊಂಕಣದ ಮರಾಠಿಯಲ್ಲಿ 'ಚಢಣೀಚೆ ಮಾಸೆ'. ಚಢಣೆ ಎಂದರೂ ಹತ್ತುವುದೇ. ಪಶ್ಚಿಮ ಘಟ್ಟದ ಕೆಳಗೂ ಮೇಲೂ ಬೇರೆ ಬೇರೆ ಭಾಷೆಗಳ ಜನ ಒಂದೇ ಕತ್ತಲಲ್ಲಿ ಪಂಜು ಹಿಡಿದು ನಿಂತು ಒಂದೇ ಸಂಗತಿ ನೋಡಿದ್ದರ ಗುರುತು ಈ ಪದಗಳಲ್ಲಿದೆ. ಪಂಜು ಹಿಡಿದವರೇ ಮೊಟ್ಟೆ ತುಂಬಿದ ಮೀನನ್ನು ಕಡಿದು ಮುಂದಿನ ವರ್ಷದ ಮೀನನ್ನೂ ತಿಂದದ್ದುಂಟು. ಆ ಬೇಟೆಗೆ ಮಿತಿ ಬೇಕೆಂಬುದು ನ್ಯಾಯವೇ. ಆದರೆ ಯಾವ ಮಳೆಗೆ ಯಾವ ಹಳ್ಳದಲ್ಲಿ ಮೀನು ಹತ್ತುತ್ತದೆ ಎಂದು ಅವರಿಗೆ ಗೊತ್ತಿತ್ತು. ಒಂದು ವರ್ಷ ಹತ್ತದಿದ್ದರೆ ಅದೂ ಗೊತ್ತಾಗುತ್ತಿತ್ತು. ಎರಡೂ ಬದಿಗೆ ನೆಟ್ಟಗೆ ಗೋಡೆ ಎದ್ದ ಮೀಠಿಯಲ್ಲಿ ಹತ್ತುಮೀನು ಎಲ್ಲಿಗೆ ಹತ್ತಬೇಕು? ಅದು ನಿಂತದ್ದನ್ನು ಗಮನಿಸಿದವರು ಯಾರು?

ಗಮನದ ಬೆಲೆ ಎಷ್ಟೆಂದು ಕಾವೇರಿ ತೋರಿಸಿಕೊಟ್ಟಿದೆ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ ಗೂನುಬೆನ್ನಿನ ಮಹಸೀರ್ 2018ರಲ್ಲಿ ಐಯುಸಿಎನ್ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದ ಅಂಚಿಗೆ ಬಂತು. ಅದು ಕಡಿಮೆಯಾಗುತ್ತಿದೆ ಎಂಬುದನ್ನು ಸರ್ಕಾರದ ಸಮೀಕ್ಷೆ ಹೇಳಲಿಲ್ಲ. ಗಾಳಿಬೋರೆಯ ಮೀನುಗಾರಿಕಾ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಬರೆದಿಟ್ಟ ಪುಸ್ತಕಗಳು ಹೇಳಿದವು. ಹಿಡಿದ ಮೀನು ಯಾವುದು, ತೂಕ ಎಷ್ಟು, ಎಷ್ಟು ಹೊತ್ತು ಕೂತದ್ದು ಎಂದು ಅವರು ಬರೆದು, ಮೀನನ್ನು ನೀರಿಗೆ ಬಿಡುತ್ತಿದ್ದರು. ಸಂಶೋಧಕರು ಆ ಲೆಕ್ಕವನ್ನು ಜೋಡಿಸಿದಾಗ ಕಂಡದ್ದು ಇಷ್ಟು: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತ ಹೋಗಿತ್ತು, ಕಾವೇರಿಯದೇ ಮೀನು ಇಳಿಯುತ್ತ ಹೋಗಿತ್ತು. ಮೀನು ಬಿಟ್ಟವರು ಸಂರಕ್ಷಣೆ ಎಂದೇ ಬಿಟ್ಟಿದ್ದರು. 2012ರಲ್ಲಿ ಅಭಯಾರಣ್ಯದಲ್ಲಿ ಗಾಳಕ್ಕೆ ನಿಷೇಧ ಬಂದ ಮೇಲೆ ಆ ಲೆಕ್ಕದ ಪುಸ್ತಕವೂ ಮುಚ್ಚಿತು.

ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದಲ್ಲಿ ಗಾಳ ಹಾಕುವ ಬಗ್ಗೆ 1873ರಲ್ಲಿ ದೊಡ್ಡ ಪುಸ್ತಕ ಪ್ರಕಟಿಸುವ ಮೊದಲೇ, 1870ರಲ್ಲಿ, ಆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದಿದ್ದ. ಅವನು ಆಳಲು ಬಂದವನು, ಗಾಳ ಅವನಿಗೆ ಮೋಜು. ಆದರೂ ಹೊಳೆಯ ಬದಿಯಲ್ಲಿ ತಾಸುಗಟ್ಟಲೆ ಕೂತವನಿಗೆ ಕಾಣುವುದು ಕಚೇರಿಯಲ್ಲಿ ಕೂತವನಿಗೆ ಕಾಣುವುದಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಗಾಳ ಹಿಡಿದು ಕೂತದ್ದನ್ನು ಬಲ್ಲ ಕನ್ನಡದ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಮೀನಿನ ಬಾಯಿಗೆ ಮುಳ್ಳು ಚುಚ್ಚುವುದು ಹಿಂಸೆ ಎಂಬುದು ಮೊದಲನೆಯದು. ಹೌದು, ಹಿಂಸೆಯೇ. ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವರ ಮೀನೆಂದು ಮುಟ್ಟದೆ ಕಾಪಾಡಿದ ದಾರಿ ಇನ್ನೂ ಮೇಲಿನದು. ಆದರೆ ಅಲ್ಲಿಯೂ ಮೀನನ್ನು ಕಾಯ್ದದ್ದು ದಿನಾ ಅಕ್ಕಿ ಹಾಕಲು ನೀರಿಗಿಳಿಯುವ ಜನರ ಕಣ್ಣು. ಗಾಳ ಬೇಡವೆನ್ನುವವರು ಅಕ್ಕಿ ಹಿಡಿದು ಮೀಠಿಗೆ ಇಳಿಯಲಿ. ಗಾಳವೂ ಇಲ್ಲದ, ಅಕ್ಕಿಯೂ ಇಲ್ಲದ, ಮೂಗು ಮುಚ್ಚಿಕೊಂಡ ಅಹಿಂಸೆಯ ನೆರಳಲ್ಲಿ ನದಿಯ ಎಲ್ಲ ಮೀನೂ ಸತ್ತಿವೆ.

ಎರಡನೆಯ ಆಕ್ಷೇಪ: ಮೀಠಿಯಲ್ಲಿ ಈಗಲೂ ಮೀನಿದೆಯಲ್ಲ, ತಿಲಾಪಿಯ ಕೊಳೆ ನೀರಲ್ಲೂ ಬದುಕುತ್ತದಲ್ಲ ಎಂಬುದು. ಅದು 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ಮೀನು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪ್ರಸಿದ್ಧ ಪಟ್ಟಿಯಲ್ಲಿ ಮೊಜಾಂಬಿಕ್ ತಿಲಾಪಿಯದ ಹೆಸರಿದೆ. ಅದೇ ಪಟ್ಟಿಯಲ್ಲಿ ಕಂದು ಟ್ರೌಟ್ ಇದೆ, ಮಳೆಬಿಲ್ಲು ಟ್ರೌಟ್ ಇದೆ. ಒಂದು ಸೀಮೆಮೀನಿಗೆ ಸಾವಿರಾರು ರೂಪಾಯಿಯ ಪ್ಯಾಕೇಜು, ಇನ್ನೊಂದಕ್ಕೆ ಬಡವರ ಬಾಣಲೆ. ಎರಡೂ ಊರಿನ ಮೀನಿನ ಜಾಗದಲ್ಲಿ ಕೂತಿವೆ. ಟ್ರೌಟಿನ ಜೊತೆ ಫೋಟೋ ತೆಗೆಸಿಕೊಂಡವರು ತಿಲಾಪಿಯ ಹಿಡಿಯುವ ಹುಡುಗನನ್ನು ಕಂಡು ಮುಖ ತಿರುಗಿಸುವುದರಲ್ಲಿ ಪರಿಸರಪ್ರಜ್ಞೆ ಏನೂ ಇಲ್ಲ, ಬರೀ ಅಂತಸ್ತಿದೆ. ಆ ಹುಡುಗ ವಿಷ ತಿನ್ನುತ್ತಿರಬಹುದು. ಹಾಗಾದರೆ ಅಪರಾಧ ವಿಷ ಬಿಟ್ಟವರದು, ಹಿಡಿದವನದಲ್ಲ.

ಮೂರನೆಯದು, ಎಲ್ಲ ಚರ್ಚೆಯನ್ನೂ ಮುಗಿಸಿಬಿಡುವ ಮಾತು: ಇದು ಆಗದ ಕೆಲಸ, ಎರಡು ಕೋಟಿ ಜನರ ಊರು. ಇದೇ ನದಿಯ ದಂಡೆಯಲ್ಲಿ, ಸಯನ್ ಮತ್ತು ಧಾರಾವಿಯ ಅಂಚಿನಲ್ಲಿ, ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ನಗರದ ಕಸ ಸುರಿಯುತ್ತಿದ್ದ ಗುಡ್ಡೆಯ ಮೇಲೆ ಗಿಡ ನೆಟ್ಟು, 1994ರಲ್ಲಿ ಜನರಿಗೆ ತೆರೆದ ಕಾಡು ಅದು. ಕಸದ ಮೇಲೆ ಕಾಡು ಬಂದೀತು ಎಂದು ಆಗ ಯಾರು ನಂಬಿದ್ದರು? ನದಿಯ ತಲೆಯಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ, ಮಳೆಗಾಲದ ತೊರೆಗಳು ಇಂದಿಗೂ ತಿಳಿಯಾಗಿಯೇ ಇಳಿಯುತ್ತವೆ. ಅಲ್ಲಿ ಗಾಳ ನಿಷಿದ್ಧ, ಹಾಗೇ ಇರಲಿ. ಕೆಳಗಿನ ನದಿಗೆ ಮೀನು ಮರಳುವುದಾದರೆ ಅಂಥ ಕಡೆಯಿಂದಲೇ ಮರಳಬೇಕು. ಅಡ್ಡ ನಿಂತದ್ದು ನಡುವೆ ಸೇರುವ ಚರಂಡಿ, ಕಾರ್ಖಾನೆಗಳ ನೀರು ಮತ್ತು ಗೋಡೆ.

ವಿಹಾರ್ ಕೆರೆಯನ್ನು 1860ರಲ್ಲಿ ಕಟ್ಟಿ ಮುಗಿಸಿದಾಗ ಮುಂಬಯಿಗೆ ಮೊದಲ ಕೊಳವೆ ನೀರು ಸಿಕ್ಕಿತು. ನಗರ ಮೀಠಿಯ ತಲೆಯ ಸಿಹಿನೀರು ಕುಡಿದು, ಅದರ ಬಾಲಕ್ಕೆ ಕೊಳೆ ಬಿಟ್ಟಿತು. ಆ ಋಣ ಇನ್ನೂ ತೀರಿಲ್ಲ. ಧಾರಾವಿ ಕೋಳಿವಾಡದ ಮೀನುಗಾರರು ತಲೆತಲಾಂತರದಿಂದ ಬಲೆ ಹಾಕುತ್ತಿದ್ದ ನೀರನ್ನು ಕಳೆದುಕೊಂಡರು. ಅವರಿಗೆ ಯಾರೂ ಕ್ಯಾಚ್ ಅಂಡ್ ರಿಲೀಸ್ ಪ್ಯಾಕೇಜ್ ಕೊಡಲಿಲ್ಲ.

ಇಲ್ಲಿಯ ಕನ್ನಡಿಗರೂ ಇದಕ್ಕೆ ಉತ್ತರ ಕೊಡಬೇಕು. ಎತ್ತಿನಹೊಳೆ ಯೋಜನೆ ಬಂದಾಗ ಮುಂಬಯಿಯ ಕರಾವಳಿಗರು ನೇತ್ರಾವತಿಗಾಗಿ ದನಿ ಎತ್ತಿದರು. ಅದು ಸರಿಯಾದ ದನಿ. ಆದರೆ ಮೂರು ತಲೆಮಾರು ಬದುಕಿದ ಊರಿನ ನದಿಗೆ ಆ ದನಿಯ ಒಂದು ಪಾಲಾದರೂ ಸಿಕ್ಕಿತೆ? ಸಯನ್‌ನ ಗೋಕುಲದಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕಕ್ಕೆ, ಪೂಜೆಗೆ, ಯಕ್ಷಗಾನಕ್ಕೆ ಜಾಗವಿದೆ. ಮೀಠಿಯ ಬಗ್ಗೆ ಒಂದು ಸಂಜೆ ಮಾತಾಡಲು ಜಾಗ ಸಿಗದೆ? ಸಯನ್ ಎಂಬ ಹೆಸರೇ ಮರಾಠಿಯ 'ಶೀವ್', ಅಂದರೆ ಗಡಿ. ಕನ್ನಡದ ಸೀಮೆಯ ಒಡಹುಟ್ಟು. ಮುಂಬಯಿ ದ್ವೀಪ ಮುಗಿದು ಸಾಲ್ಸೆಟ್ ಶುರುವಾಗುವ ಗಡಿ ಇದು, ಸಿಹಿನೀರು ಮುಗಿದು ಉಪ್ಪುನೀರು ಏರುವ ಗಡಿಯೂ ಹೌದು. ಊರಿನ ನದಿ ನಮ್ಮದು, ಇಲ್ಲಿಯ ನದಿ ಮಹಾನಗರಪಾಲಿಕೆಯದು ಎಂದು ಇನ್ನೊಂದು ಗಡಿ ಎಳೆದುಕೊಂಡವರು ಇಲ್ಲಿ ಬದುಕಿದವರೇ.

ಕೇಳಬೇಕಾದ್ದು ಸರಳ. ವಿಹಾರ್‌ನಿಂದ ಮಾಹಿಮ್‌ವರೆಗೆ ಹತ್ತು ಕಡೆ, ವರ್ಷಕ್ಕೆ ಎರಡು ಬಾರಿ, ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ, ಮೀನಿನ ಗಣತಿ ಆಗಲಿ. ಯಾವ ಮೀನು, ಎಷ್ಟು, ತಿನ್ನಲು ಯೋಗ್ಯವೇ ಅಲ್ಲವೇ ಎಂಬುದು ಮರಾಠಿ, ಹಿಂದಿ, ಕನ್ನಡ, ತಮಿಳಿನಲ್ಲಿ ದಂಡೆಯ ಬೋರ್ಡಿನಲ್ಲಿ ಬರಲಿ. ಗುತ್ತಿಗೆದಾರರಿಗೆ ಹಣ ಕೊಡುವಾಗ ಹೂಳಿನ ಟನ್ನಿನ ಜೊತೆ ಆ ಬೋರ್ಡನ್ನೂ ನೋಡಲಿ. ಮೊದಲ ವರ್ಷ ಬೋರ್ಡಿನಲ್ಲಿ ಬರೀ ತಿಲಾಪಿಯ ಇರಬಹುದು, ಕೆಲವು ಕಡೆ ಸೊನ್ನೆಯೇ ಇರಬಹುದು. ಸೊನ್ನೆಯನ್ನಾದರೂ ಬರೆದು ನಿಲ್ಲಿಸಲಿ. ತೀರ್ಥನ್ ಕಣಿವೆಗೆ ಟಿಕೆಟ್ ಬುಕ್ ಮಾಡುವವರು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅದನ್ನು ಓದಿಕೊಂಡು ಹೋಗಲಿ.